ಟಿಎಂಬಿ ಬಾಟಲಿ ನೀಲಿಯಾದ ಮೇಲೆ: ಮೆಣಸಿನಕಾಯಿ ಎಲಿಸಾಗೆ ಬಣ್ಣದ ದ್ರಾವಣ ನಾವೇ ಮಾಡಿಕೊಂಡ ದಾಖಲೆ

ಎಲಿಸಾ ಎಂದರೆ ಆಂಟಿಬಾಡಿ ಮತ್ತು ಕಿಣ್ವ ಬಳಸಿ, ಬಣ್ಣ ನೋಡಿ ಪ್ರಮಾಣ ಅಳೆಯುವ ಪರೀಕ್ಷೆ. ನಾವು ಅದರಲ್ಲಿ ಮೆಣಸಿನಕಾಯಿಯ ಬೂಜಿನ ವಿಷ ಅಳೆಯುತ್ತೇವೆ. ಅದರ ಕಿಟ್‌ನೊಂದಿಗೆ ಬರುವ ಟಿಎಂಬಿ, ಅಂದರೆ ಕಿಣ್ವ ತಾಗಿದಾಗ ನೀಲಿಯಾಗುವ ರಾಸಾಯನಿಕದ ದ್ರಾವಣ, ನೀರಿನಂತೆ ತಿಳಿಯಾಗಿರಬೇಕು. ಫ್ರಿಜ್‌ನಿಂದ ತೆಗೆದಾಗ ನಮ್ಮದು ಆಕಾಶನೀಲಿ ಆಗಿತ್ತು. ಅಂಥ ಬಾಟಲಿಯನ್ನು ಬಳಸುವ ಹಾಗಿಲ್ಲ. ವೆಲ್‌ನಲ್ಲಿ (ಪರೀಕ್ಷೆ ನಡೆಯುವ ಪುಟ್ಟ ಗುಳಿ) ಕಿಣ್ವ ಇರಲಿ ಬಿಡಲಿ, ಬಣ್ಣ ಮೊದಲೇ ಬಂದುಬಿಟ್ಟಿರುತ್ತದೆ. ಆದರೆ ಅದೇ ಪೆಟ್ಟಿಗೆಯಲ್ಲಿ ಆಂಟಿಬಾಡಿ ಲೇಪಿಸಿದ ಸ್ಟ್ರಿಪ್‌ಗಳು (ಎಂಟೆಂಟು ವೆಲ್‌ಗಳ ಪಟ್ಟಿಗಳು) ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಕಾಂಜುಗೇಟ್ (ಕಿಣ್ವ ಅಂಟಿಸಿದ ವಿಷದ ದ್ರಾವಣ) ಮುಕ್ಕಾಲು ಬಾಟಲಿ ಇತ್ತು, ವಿಷದ ಪ್ರಮಾಣ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್‌ಗಳ ಅವಧಿಯೂ ಮುಗಿದಿರಲಿಲ್ಲ. ಬರೀ ಸಬ್‌ಸ್ಟ್ರೇಟ್ (ಕಿಣ್ವ ಬಣ್ಣವಾಗಿಸುವ ವಸ್ತು, ಇಲ್ಲಿ ಟಿಎಂಬಿ) ಬಾಟಲಿ ಬೇರೆಯಾಗಿ ಕೊಡುವುದಿಲ್ಲ, ಪೂರ್ತಿ ಕಿಟ್ಟೇ ತರಿಸಿಕೊಳ್ಳಬೇಕು, ಅದಕ್ಕೆ ಎರಡು ವಾರ ಹಿಡಿಯುತ್ತದೆ ಎಂಬ ಉತ್ತರ ಬಂತು. ಹೊಸ ಕಿಟ್‌ಗೆ ಆರ್ಡರ್ ಹಾಕಿ, ಇರುವ ಸ್ಟ್ರಿಪ್‌ಗಳಿಗೆ ಬೇಕಾದ ದ್ರಾವಣವನ್ನು ಲ್ಯಾಬಿನಲ್ಲೇ ತಯಾರಿಸಲು ಕೂತೆವು.

ನಮ್ಮದು ಹುಬ್ಬಳ್ಳಿಯ ಸಣ್ಣ ಪರೀಕ್ಷಾ ಲ್ಯಾಬ್. ಸೀಸನ್‌ನಲ್ಲಿ ಬರುವ ಸ್ಯಾಂಪಲ್‌ಗಳಲ್ಲಿ ಹೆಚ್ಚಿನವು ಬ್ಯಾಡಗಿ ಮೆಣಸಿನಕಾಯಿ, ಡಬ್ಬಿ ಮತ್ತು ಕಡ್ಡಿ ಎಂಬ ಎರಡೂ ಬಗೆ. ನೋಡುವುದು ಅಫ್ಲಾಟಾಕ್ಸಿನ್. ಕಾಯಿ ಸರಿಯಾಗಿ ಒಣಗದೆ ಹಸಿ ಉಳಿದರೆ ಆಸ್ಪರ್ಜಿಲಸ್ ಬೂಜು ಹಿಡಿದು ಈ ವಿಷ ಹುಟ್ಟುತ್ತದೆ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಕಿಲೋಗೆ ಬಿ1 ಎಂಬ ಬಗೆಯ ಅಫ್ಲಾಟಾಕ್ಸಿನ್ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಿತಿ ಒಟ್ಟು 30. ಒಂದು ಲಾರಿ ಮಾಲಿನ ಹಣೆಬರಹ ಈ ಸಣ್ಣ ಅಂಕಿಗಳ ಮೇಲೆ ನಿಂತಿರುತ್ತದೆ.

ಮುಂದೆ ಬರೆದಿರುವುದೆಲ್ಲ ಅರ್ಥವಾಗಲು ಒಂದು ಮಾತು ಗೊತ್ತಿರಬೇಕು. ಈ ಎಲಿಸಾದಲ್ಲಿ ಲೆಕ್ಕ ಉಲ್ಟಾ. ಸ್ಯಾಂಪಲ್‌ನ ವಿಷವೂ ಕಿಣ್ವ ಅಂಟಿಸಿದ ವಿಷವೂ ಅದೇ ಆಂಟಿಬಾಡಿಗಾಗಿ ಪೈಪೋಟಿ ಮಾಡುತ್ತವೆ. ಸ್ಯಾಂಪಲ್‌ನಲ್ಲಿ ವಿಷ ಹೆಚ್ಚಿದ್ದರೆ ಕಿಣ್ವಕ್ಕೆ ಜಾಗ ಕಡಿಮೆ, ಬಣ್ಣವೂ ಕಡಿಮೆ. ಅಂದಮೇಲೆ ಬಣ್ಣವನ್ನು ಕೊಲ್ಲುವ ಏನೇ ಇರಲಿ, ಹಳಸಿದ ಪೆರಾಕ್ಸೈಡ್, ಸರಿಯಾಗಿ ತೊಳೆಯದ ವೆಲ್, ತಡವಾಗಿ ಬಿದ್ದ ಹನಿ, ಅದು ರಿಪೋರ್ಟಿನಲ್ಲಿ ವಿಷವಾಗಿ ಕಾಣುತ್ತದೆ. ಒಳ್ಳೆಯ ಮಾಲು ಕೆಟ್ಟದ್ದು ಎಂದು ಬರೆಸಿಕೊಳ್ಳುತ್ತದೆ.

1. ಸಾಮಾನು ಮತ್ತು ಖರ್ಚು

ಟಿಎಂಬಿ ಪುಡಿ 1 ಗ್ರಾಂ, ₹3,200. ಡಿಎಂಎಸ್ಒ (ಟಿಎಂಬಿ ಕರಗಿಸುವ ದ್ರವ) 100 ಮಿಲೀ, ₹640. ಹೈಡ್ರೋಜನ್ ಪೆರಾಕ್ಸೈಡ್ 30% ಲ್ಯಾಬಿನಲ್ಲಿ ಇತ್ತು, ಆಮೇಲೆ ಹೊಸದನ್ನೂ ತಂದೆವು, ₹310. ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್, ಸಿಟ್ರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲ ಕಪಾಟಿನಲ್ಲೇ ಇದ್ದವು. ವೆಲ್‌ಗಳ ಬಣ್ಣ ಅಳೆಯುವ ಪ್ಲೇಟ್ ರೀಡರ್ ಹಳೆಯದು. 405, 450, 492, 630 ನ್ಯಾನೋಮೀಟರ್ ಫಿಲ್ಟರ್‌ಗಳಿವೆ, ಇಷ್ಟು ಸಾಕು. ಟಿಎಂಬಿಯ ನೀಲಿ ಹೆಚ್ಚು ಹೀರುವುದು 370 ಮತ್ತು 652ರಲ್ಲಿ. 630ರಲ್ಲಿ ನೋಡಿದರೂ ಬಣ್ಣ ಏರುವ ವೇಗ ತಿಳಿಯುತ್ತದೆ. ಆಮ್ಲ ಹಾಕಿ ನಿಲ್ಲಿಸಿದಾಗ ನೀಲಿ ಹೋಗಿ ಹಳದಿ ಬರುತ್ತದೆ, ಅದನ್ನು 450ರಲ್ಲಿ ಓದಬೇಕು.

ಖರ್ಚಿನ ಲೆಕ್ಕ ಇಲ್ಲೇ ಮುಗಿಸುತ್ತೇನೆ. ಒಂದು ಪೂರ್ತಿ ಪ್ಲೇಟಿಗೆ 10 ಮಿಲೀ ದ್ರಾವಣ, ಅದರಲ್ಲಿ ಟಿಎಂಬಿ 1 ಮಿಲಿಗ್ರಾಂ. ಒಂದು ಗ್ರಾಂ ಪುಡಿ ಸಾವಿರ ಪ್ಲೇಟಿಗೆ ಸಾಲುತ್ತದೆ, ಪ್ಲೇಟಿಗೆ ₹3.20 ಬಿತ್ತು. ಖರ್ಚು ಇರುವುದು ದ್ರಾವಣದಲ್ಲಲ್ಲ, ಅದನ್ನು ನಂಬುವ ಮಟ್ಟಕ್ಕೆ ತರಲು ಹಾಳಾಗುವ ಸ್ಟ್ರಿಪ್‌ಗಳಲ್ಲಿ.

2. ಬಫರ್

ಬಫರ್ ಎಂದರೆ ಪಿಎಚ್ (ಆಮ್ಲೀಯತೆ) ಬದಲಾಗದಂತೆ ಹಿಡಿದಿಡುವ ದ್ರಾವಣ. ನಮ್ಮದು ಫಾಸ್ಫೇಟ್-ಸಿಟ್ರೇಟ್ ಬಫರ್, ಪಿಎಚ್ 5.0.

ಫಾಸ್ಫೇಟ್ 0.2 ಮೋಲಾರ್: ನೀರಿಲ್ಲದ ಡೈಸೋಡಿಯಂ ಫಾಸ್ಫೇಟ್ 7.1 ಗ್ರಾಂ, 250 ಮಿಲೀ ನೀರಿಗೆ.
ಸಿಟ್ರಿಕ್ ಆಮ್ಲ 0.1 ಮೋಲಾರ್: ಮೊನೋಹೈಡ್ರೇಟ್ 5.25 ಗ್ರಾಂ, 250 ಮಿಲೀ ನೀರಿಗೆ.
ಕೂಡಿಸುವುದು: ಫಾಸ್ಫೇಟ್ 25.7 ಮಿಲೀ, ಸಿಟ್ರಿಕ್ 24.3 ಮಿಲೀ, ನೀರು 50 ಮಿಲೀ.

ಸಿಟ್ರಿಕ್ ಆಮ್ಲದ ಡಬ್ಬಿ ಮೊನೋಹೈಡ್ರೇಟೋ ಅನ್‌ಹೈಡ್ರಸೋ ಎಂದು ಲೇಬಲ್ ನೋಡಿಕೊಳ್ಳಿ. ಅನ್‌ಹೈಡ್ರಸ್ ಆದರೆ 4.8 ಗ್ರಾಂ ಸಾಕು. ನಮಗೆ ಮೀಟರ್‌ನಲ್ಲಿ 5.02 ಬಂತು, ತಿದ್ದಲಿಲ್ಲ.

3. ಟಿಎಂಬಿ ಕರಗಿಸುವುದು

ಟಿಎಂಬಿ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಮೊದಲು ಡಿಎಂಎಸ್ಒದಲ್ಲಿ ಕರಗಿಸಬೇಕು. 50 ಮಿಲಿಗ್ರಾಂ ಪುಡಿಯನ್ನು 5 ಮಿಲೀ ಡಿಎಂಎಸ್ಒದಲ್ಲಿ ಕರಗಿಸಿ, 100 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಫ್ರೀಜರ್‌ಗೆ ಹಾಕಿದೆವು. ಒಂದು ಟ್ಯೂಬ್ ಒಂದು ಪ್ಲೇಟಿಗೆ. ಉಳಿದದ್ದು ಚೆಲ್ಲುವುದು, ಮತ್ತೆ ಫ್ರೀಜರ್‌ಗೆ ಇಡುವ ಪ್ರಶ್ನೆ ಇಲ್ಲ. ಡಿಎಂಎಸ್ಒ ಚರ್ಮದೊಳಗೆ ಇಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಒಳಗೆ ಒಯ್ಯುತ್ತದೆ. ನೈಟ್ರೈಲ್ ಗ್ಲೌಸ್ ಇಲ್ಲದೆ ಟ್ಯೂಬ್ ಮುಟ್ಟಬೇಡಿ.

ಮೊದಲ ಬ್ಯಾಚ್ ಇಲ್ಲೇ ಕೆಟ್ಟಿತು. ಫ್ರಿಜ್‌ನಿಂದ ಆಗಷ್ಟೇ ತೆಗೆದ ತಣ್ಣನೆಯ ಬಫರ್‌ಗೆ ಟಿಎಂಬಿ ಹಾಕಿದ ಕೂಡಲೇ ಹನಿ ಬಿದ್ದಲ್ಲಿ ಬಿಳಿ ಮಂಜು ಎದ್ದಿತು. ಅಲುಗಾಡಿಸಿದರೆ ಮಂಜು ಹೋಯಿತೆನಿಸಿತು. ಬೆಳಕಿಗೆ ಹಿಡಿದರೆ ಸೂಜಿಯಂಥ ಸಣ್ಣ ಹರಳುಗಳು ತೇಲುತ್ತಿದ್ದವು. ಹರಳಾದ ಟಿಎಂಬಿ ಕಿಣ್ವಕ್ಕೆ ಸಿಗುವುದಿಲ್ಲ, ರೀಡರ್‌ನ ಬೆಳಕನ್ನು ಮಾತ್ರ ಚೆದುರಿಸುತ್ತದೆ. ಡಿಎಂಎಸ್ಒ ಸುಮಾರು 18.5 ಡಿಗ್ರಿಯಲ್ಲೇ ಹೆಪ್ಪುಗಟ್ಟುವ ದ್ರವ. ಟ್ಯೂಬಿನ ತಳದಲ್ಲಿ ಗಟ್ಟಿ ಉಳಿದಿರುವಾಗಲೇ ಮೇಲಿನದನ್ನು ಎಳೆದುಕೊಂಡರೆ ಅಳತೆಯೂ ತಪ್ಪುತ್ತದೆ. ಈಗಿನ ಕ್ರಮ ಇದು: ಬಫರ್ 27 ಡಿಗ್ರಿಗೆ ಬರುವವರೆಗೆ ಕಾಯುವುದು, ಟ್ಯೂಬ್ ಪೂರ್ತಿ ಕರಗಿದ್ದನ್ನು ತಿರುಗಿಸಿ ನೋಡುವುದು, ಬಫರ್ ಸುತ್ತುತ್ತಿರುವಾಗ ಹನಿಹನಿಯಾಗಿ ಬಿಡುವುದು. 10 ಮಿಲೀ ಬಫರ್‌ಗೆ 100 ಮೈಕ್ರೋಲೀಟರ್ ಟಿಎಂಬಿ.

4. ಪೆರಾಕ್ಸೈಡ್‌ನ ನಿಜವಾದ ಬಲ

10 ಮಿಲೀಗೆ 30% ಪೆರಾಕ್ಸೈಡ್ 2 ಮೈಕ್ರೋಲೀಟರ್, ಬಳಸುವ ಮುನ್ನ. ಕೊನೆಗೆ ದ್ರಾವಣದಲ್ಲಿರುವುದು 0.006%. ಅದು ಕಡಿಮೆಯಾದರೆ ಬಣ್ಣ ಏರುವುದಿಲ್ಲ, ಹೆಚ್ಚಾದರೆ ಕಾಂಜುಗೇಟ್‌ನಲ್ಲಿರುವ ಪೆರಾಕ್ಸಿಡೇಸ್ ಕಿಣ್ವವೇ ಸಾಯುತ್ತದೆ. ಹೆಚ್ಚು ಸುರಿದರೆ ಹೆಚ್ಚು ಬಣ್ಣ ಎಂದು ತಿಳಿಯಬಾರದು.

ಬಾಟಲಿಯ ಮೇಲೆ 30 ಎಂದು ಬರೆದಿದ್ದರೂ ಒಳಗಿರುವುದು ಎಷ್ಟು ಎಂಬುದನ್ನು ಪರ್ಮಾಂಗನೇಟ್ ಟೈಟ್ರೇಷನ್‌ನಿಂದ (ಬಲ ಗೊತ್ತಿರುವ ದ್ರಾವಣವನ್ನು ಹನಿಹನಿ ಬಿಟ್ಟು ಅಳೆಯುವುದು) ನೋಡಿದೆವು. 1 ಮಿಲೀ ಪೆರಾಕ್ಸೈಡನ್ನು 100ಕ್ಕೆ ತೆಳುಮಾಡಿ, ಅದರಲ್ಲಿ 10 ಮಿಲೀ ತೆಗೆದು, ತೆಳು ಸಲ್ಫ್ಯೂರಿಕ್ ಆಮ್ಲ ಹಾಕಿ, 0.1 ನಾರ್ಮಲ್ ಪರ್ಮಾಂಗನೇಟ್ ಬಿಟ್ಟೆವು. ಮೊದಲ ಹನಿಗಳ ಗುಲಾಬಿ ಹೋಗಲು ಸ್ವಲ್ಪ ಹೊತ್ತು ಬೇಕು, ಅಲ್ಲಿ ಅವಸರ ಮಾಡಬಾರದು. ಒಮ್ಮೆ ಮ್ಯಾಂಗನೀಸ್ ಅಯಾನು ಹುಟ್ಟಿದ ಮೇಲೆ ಹನಿ ಬಿದ್ದ ಕ್ಷಣವೇ ಬಣ್ಣ ಮಾಯವಾಗುತ್ತದೆ. ಪರ್ಮಾಂಗನೇಟ್ 1 ಮಿಲೀಗೆ ಪೆರಾಕ್ಸೈಡ್ 1.701 ಮಿಲಿಗ್ರಾಂ. ಹಳೆಯ ಬಾಟಲಿಗೆ 9.4 ಮಿಲೀ ಹಿಡಿಯಿತು, ಅಂದರೆ 16%. ಹೊಸದಕ್ಕೆ 17.9 ಮಿಲೀ, 30.4%.

ಪದೇಪದೇ ಮುಚ್ಚಳ ತೆಗೆದ, ಬಿಸಿಲು ಬೀಳುವ ಶೆಲ್ಫಿನಲ್ಲಿ ನಿಂತ ಬಾಟಲಿ ಅರ್ಧದಷ್ಟು ಬಲ ಕಳೆದುಕೊಂಡಿತ್ತು. ಕಿಟ್‌ನ ಶೂನ್ಯ ಸ್ಟ್ಯಾಂಡರ್ಡ್‌ಗೆ (ವಿಷವೇ ಇಲ್ಲದ್ದು) ಹಳೆಯ ಪೆರಾಕ್ಸೈಡ್‌ನಿಂದ ಬಂದ ಓ.ಡಿ., ಅಂದರೆ ಬಣ್ಣದ ಗಾಢತೆಯ ಓದು, 1.15, ಹೊಸದರಿಂದ 1.58, ಎರಡೂ 10 ನಿಮಿಷಕ್ಕೆ. ಕಿಟ್‌ನ ಸ್ವಂತ ದ್ರಾವಣ 5 ನಿಮಿಷಕ್ಕೇ 1.6ರ ಆಸುಪಾಸು ಕೊಡುತ್ತಿತ್ತು ಎಂದು ನಮ್ಮ ಹಳೆಯ ರಿಜಿಸ್ಟರ್ ಹೇಳುತ್ತದೆ. ನಮ್ಮದು ನಿಧಾನದ್ದು. ಅದರಿಂದ ತೊಂದರೆಯಿಲ್ಲ. ಕೈಯಲ್ಲಿ ಹಾಕುವವರಿಗೆ ನಿಧಾನದ ದ್ರಾವಣವೇ ಒಳ್ಳೆಯದು, ಕಾರಣ 8ನೇ ಹಂತದಲ್ಲಿದೆ.

5. ಕಿಣ್ವ ಇಲ್ಲದೆ ಬಣ್ಣ ಬಂದರೆ

ಸ್ಟ್ರಿಪ್ ಮುಟ್ಟುವ ಮೊದಲು ದ್ರಾವಣವನ್ನೇ ಪರೀಕ್ಷಿಸಬೇಕು. 1 ಮಿಲೀ ದ್ರಾವಣವನ್ನು ಖಾಲಿ ಟ್ಯೂಬಿನಲ್ಲಿ ಅರ್ಧ ಗಂಟೆ ಬಿಟ್ಟರೆ ಬಣ್ಣ ಬರಬಾರದು. ಇನ್ನೊಂದಕ್ಕೆ ತೆಳುಮಾಡಿದ ಕಾಂಜುಗೇಟ್ ಒಂದು ಹನಿ ಬಿಟ್ಟರೆ ಕೂಡಲೇ ನೀಲಿ ಏಳಬೇಕು. ಈ ಎರಡು ಟ್ಯೂಬ್‌ಗಳ ಪರೀಕ್ಷೆಗೆ ಖರ್ಚೇ ಇಲ್ಲ, ಉಳಿಸುವುದು ಮಾತ್ರ ಪೂರ್ತಿ ಪ್ಲೇಟನ್ನು.

ನಮ್ಮ ಖಾಲಿ ಟ್ಯೂಬ್ ಕೆಲವೇ ನಿಮಿಷಕ್ಕೆ ತಿಳಿನೀಲಿ ಆಯಿತು. ಗಾಜಿನ ಸಿಲಿಂಡರ್ ಮೇಲೆ ಅನುಮಾನ ಬಂತು. ಅದನ್ನು ನಳದ ನೀರಿನಲ್ಲಿ ತೊಳೆದು ಹಾಗೆಯೇ ಬೋರಲು ಹಾಕಿದ್ದರು. ಪೆರಾಕ್ಸೈಡ್ ಹಾಕದ ಟಿಎಂಬಿಯನ್ನು ಮೂರು ಟ್ಯೂಬ್‌ಗಳಿಗೆ ಹಂಚಿ, ಒಂದಕ್ಕೆ ನಳದ ನೀರು, ಒಂದಕ್ಕೆ ಆರ್‌ಒ ನೀರು, ಒಂದಕ್ಕೆ ಡಿಸ್ಟಿಲ್ಡ್ ವಾಟರ್ ಬಿಟ್ಟೆವು. ನಳದ ನೀರಿನ ಟ್ಯೂಬ್ ಮಾತ್ರ ನೀಲಿಗೆ ತಿರುಗಿತು. ಪೆರಾಕ್ಸೈಡ್ ಇಲ್ಲ, ಕಿಣ್ವ ಇಲ್ಲ, ಆದರೂ ಬಣ್ಣ. ನೀರಿನಲ್ಲಿ ಉಳಿದ ಕ್ಲೋರಿನ್ ಟಿಎಂಬಿಯನ್ನು ನೇರವಾಗಿ ಆಕ್ಸಿಡೀಕರಿಸುತ್ತದೆ. ನೀರಿನ ಕ್ಲೋರಿನ್ ಅಳೆಯಲು ಟಿಎಂಬಿ ಬಳಸುವುದೂ ಇದೇ ಗುಣದಿಂದ. ನಮ್ಮೂರಲ್ಲಿ ನಳ ಬಂದ ದಿನ ತುಂಬಿಟ್ಟುಕೊಂಡ ಹೊಸ ನೀರಿನಲ್ಲಿ ಕ್ಲೋರಿನ್ ವಾಸನೆ ಮೂಗಿಗೇ ಬಡಿಯುತ್ತದೆ. ಕೊನೆಯ ಎರಡು ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲೇ ಎಂಬುದು ಈಗ ಕಡ್ಡಾಯ.

ಕಿಟ್‌ನ ಬಾಟಲಿ ಕೆಟ್ಟ ಕಾರಣವೂ ಇದೇ ಹೊತ್ತಿನಲ್ಲಿ ಸಿಕ್ಕಿತು. ಎಂಟು ಮೂತಿಯ ಮಲ್ಟಿಚಾನೆಲ್ ಪಿಪೆಟ್ ಅದ್ದುವ ಪ್ಲಾಸ್ಟಿಕ್ ಟ್ರೇಗೆ ಹೊಸ ಟಿಎಂಬಿ ಸುರಿದರೆ ಒಂದು ಮೂಲೆಯಿಂದ ನೀಲಿ ಗೆರೆ ಹರಿದು ಬಂತು. ಆ ಟ್ರೇಯಲ್ಲಿ ಹಿಂದೆ ಕಾಂಜುಗೇಟ್ ತುಂಬಿದ್ದರು. ಪೆರಾಕ್ಸಿಡೇಸ್ ಒಂದು ಗುಲಗಂಜಿಯಷ್ಟೂ ಬೇಕಾಗಿಲ್ಲ. ಪ್ಲಾಸ್ಟಿಕ್ಕಿಗೆ ಅಂಟಿ ಉಳಿದ ತೇವ ಸಾಕು. ಟ್ರೇಯಲ್ಲಿ ಉಳಿದ ಟಿಎಂಬಿಯನ್ನು ಬಾಟಲಿಗೆ ಮರಳಿ ಸುರಿದಾಗ ಕಿಣ್ವವೂ ಜೊತೆಗೆ ಹೋಗಿದೆ. ಈಗ ಟ್ರೇಗಳ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೆಸರಿದೆ. ಟಿಎಂಬಿ ಟ್ರೇಯಿಂದ ಏನೂ ವಾಪಸ್ ಹೋಗುವುದಿಲ್ಲ.

6. ಬೇರೆ ಬಣ್ಣಗಳನ್ನು ಯಾಕೆ ಬಿಟ್ಟೆವು

ಕಪಾಟಿನಲ್ಲಿ ಒಪಿಡಿ ಮಾತ್ರೆಗಳಿದ್ದವು. ಪೆರಾಕ್ಸಿಡೇಸ್‌ಗೆ ಅದೂ ಸಬ್‌ಸ್ಟ್ರೇಟೇ, ಆಮ್ಲ ಹಾಕಿದರೆ ಕಿತ್ತಳೆ, ಓದುವುದು 492ರಲ್ಲಿ. ಬಣ್ಣ ಚೆನ್ನಾಗಿ ಬಂತು. ಆದರೆ ಬೆಳಕಿಗೆ ತಾನಾಗಿಯೇ ಹಳದಿಯಾಗುತ್ತದೆ, ಕತ್ತಲಲ್ಲಿ ಇಡಬೇಕು. ಜೊತೆಗೆ ಅದು ಜೀವಕೋಶದ ವಂಶವಾಹಿಗೆ ಹಾನಿ ಮಾಡುವ ರಾಸಾಯನಿಕ. ದಿನವೂ ಮುಟ್ಟುವ ಕೆಲಸಕ್ಕೆ ಬೇಡ ಎಂದು ನಿರ್ಧರಿಸಿದೆ. ಎಬಿಟಿಎಸ್ ಎಂಬ ಇನ್ನೊಂದು ಸಬ್‌ಸ್ಟ್ರೇಟ್ ಹಸಿರು, 405ರಲ್ಲಿ ಓದಬಹುದು, ಸುರಕ್ಷಿತವೂ ಹೌದು. ಆದರೆ ನಮ್ಮ ಶೂನ್ಯ ಸ್ಟ್ಯಾಂಡರ್ಡ್ 20 ನಿಮಿಷಕ್ಕೆ 0.6 ದಾಟಲಿಲ್ಲ. ಅಷ್ಟು ಕಡಿಮೆ ಓದಿನಲ್ಲಿ 5ಕ್ಕೂ 10ಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ.

ಧಾರವಾಡದಲ್ಲಿ ಗಿಡಗಳ ವೈರಸ್ ಪರೀಕ್ಷೆ ಮಾಡುವ ಗೆಳೆಯ ಪಿಎನ್‌ಪಿಪಿ ಎಂಬ ಸಬ್‌ಸ್ಟ್ರೇಟ್ ಕೊಡುತ್ತೇನೆ ಎಂದ. ಅದು ನಮಗೆ ಕೆಲಸಕ್ಕೆ ಬಾರದು. ಪಿಎನ್‌ಪಿಪಿ ಅಲ್ಕಲೈನ್ ಫಾಸ್ಫಟೇಸ್‌ನ ಜೋಡಿ, ನಮ್ಮ ಕಾಂಜುಗೇಟ್‌ನಲ್ಲಿರುವುದು ಪೆರಾಕ್ಸಿಡೇಸ್. ಅವರ ಕೆಲಸವೇ ಬೇರೆ ತರಹದ್ದು. ಡೈಇಥನೋಲಮೀನ್ ಬಫರ್ ಪಿಎಚ್ 9.8, ಪಿಎನ್‌ಪಿಪಿ ಮಿಲೀಗೆ 1 ಮಿಲಿಗ್ರಾಂ, ಹಳದಿಯನ್ನು 405ರಲ್ಲಿ ಓದುತ್ತಾರೆ, ನಿಲ್ಲಿಸುವುದು ಸೋಡಿಯಂ ಹೈಡ್ರಾಕ್ಸೈಡ್‌ನಿಂದ. ಡೈಇಥನೋಲಮೀನ್ ಕರಗುವುದೇ ಸುಮಾರು 28 ಡಿಗ್ರಿಗೆ. ಧಾರವಾಡದ ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸದೆ ಒಂದು ಹನಿಯೂ ಹೊರಬರುವುದಿಲ್ಲ ಎಂದ.

7. ಎರವಲು ತಂದ ವಾಶ್ ಬಫರ್

ವೆಲ್ ತೊಳೆಯುವ ನಮ್ಮ ವಾಶ್ ಬಫರ್ ತೀರಿದ ದಿನ ಅದೇ ಗೆಳೆಯನಿಂದ ಪಿಬಿಎಸ್-ಟ್ವೀನ್ (ಸೋಪಿನಂಥ ಟ್ವೀನ್ ಬೆರೆಸಿದ ಫಾಸ್ಫೇಟ್ ಬಫರ್) ಒಂದು ಲೀಟರ್ ತಂದೆವು. ಆ ದಿನ ಶೂನ್ಯ ಸ್ಟ್ಯಾಂಡರ್ಡ್ 0.62ಕ್ಕೆ ಕುಸಿಯಿತು. ಪೆರಾಕ್ಸೈಡ್ ಹೊಸದು, ಟಿಎಂಬಿ ಹೊಸದು, ಎರಡು ಟ್ಯೂಬ್‌ಗಳ ಪರೀಕ್ಷೆಯೂ ಸರಿಯಾಗಿತ್ತು. ದ್ರಾವಣದಲ್ಲಿ ದೋಷವಿಲ್ಲ ಎಂದು ಖಾತ್ರಿ ಇದ್ದುದರಿಂದ ಹುಡುಕಾಟ ಬೇಗ ಮುಗಿಯಿತು. ಬದಲಾಗಿದ್ದು ವಾಶ್ ಬಫರ್ ಒಂದೇ.

ಫೋನ್ ಹಚ್ಚಿ ಕೇಳಿದೆ. "ಅದರಾಗ ಅಝೈಡ್ ಐತಲ್ಲೋ ಮಾರಾಯ, ಲೀಟರಿಗೆ 0.2 ಗ್ರಾಂ. ನಮ್ಮ ಬಫರ್‌ಗೆಲ್ಲಾ ಹಾಕ್ತೀವಿ, ಬೂಜು ಬರಬಾರದು ಅಂತ. ನಮ್ಮ ಕಿಣ್ವಕ್ಕ ಅದು ಏನೂ ಮಾಡಂಗಿಲ್ಲ" ಎಂದ.

ಅವರ ಫಾಸ್ಫಟೇಸ್‌ಗೆ ಏನೂ ಮಾಡುವುದಿಲ್ಲ, ನಮ್ಮ ಪೆರಾಕ್ಸಿಡೇಸ್‌ಗೆ ಸೋಡಿಯಂ ಅಝೈಡ್ ನೇರ ವಿಷ. ಪೆರಾಕ್ಸೈಡ್ ಜೊತೆ ಸೇರಿದಾಗ ಕಿಣ್ವವನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಅವರಿಗೆ ಇನ್ನೊಂದು ದಿಕ್ಕಿನ ಕಾಟ: ಫಾಸ್ಫೇಟ್ ಅವರ ಕಿಣ್ವವನ್ನು ತಡೆಯುತ್ತದೆ. ಸಬ್‌ಸ್ಟ್ರೇಟ್ ಹಾಕುವ ಮುನ್ನ ಪಿಬಿಎಸ್ ಚೆನ್ನಾಗಿ ಬಸಿದು ಹೋಗುವಂತೆ ನೋಡಿಕೊಳ್ಳಬೇಕು, ಇಲ್ಲವೇ ಕೊನೆಯ ತೊಳೆತ ಟ್ರಿಸ್ ಬಫರ್‌ನಲ್ಲಿ. ಒಂದು ಲ್ಯಾಬಿನ ಬಫರ್ ಇನ್ನೊಂದು ಲ್ಯಾಬಿಗೆ ಹೋಗುವಾಗ ಲೇಬಲ್ ಮೇಲೆ ಸಂರಕ್ಷಕದ ಹೆಸರು ಇರಲೇಬೇಕು. ಉಳಿದ ಅಝೈಡ್ ಬಫರನ್ನು ಸಿಂಕಿಗೆ ಸುರಿಯದೆ ವಾಪಸ್ ಕೊಟ್ಟೆವು. ತಾಮ್ರ, ಸೀಸದ ಕೊಳವೆಗಳಲ್ಲಿ ಅದು ಸ್ಫೋಟಕ ಲವಣವಾಗಿ ಕೂಡುತ್ತದೆ.

8. ಒಂದೇ ಡಬ್ಬದ ಮೆಣಸಿನಪುಡಿ, ಎರಡು ಫಲಿತಾಂಶ

ಈ ಹಂತದಲ್ಲೇ ಹೆಚ್ಚು ಸ್ಟ್ರಿಪ್ ಖರ್ಚಾಯಿತು. ಖರ್ಚಾಗಿದ್ದು ಸಾರ್ಥಕ.

ಹೊಸ ದ್ರಾವಣದಲ್ಲಿ ಸ್ಟ್ಯಾಂಡರ್ಡ್‌ಗಳು ಚೆನ್ನಾಗಿ ಬಂದವು. ಪಿಪಿಬಿ (ಕಿಲೋಗೆ ಎಷ್ಟು ಮೈಕ್ರೋಗ್ರಾಂ) ಲೆಕ್ಕದಲ್ಲಿ 0ಕ್ಕೆ 1.58, 2ಕ್ಕೆ 1.22, 5ಕ್ಕೆ 0.86, 10ಕ್ಕೆ 0.57, 20ಕ್ಕೆ 0.35, 40ಕ್ಕೆ 0.21. ಶೂನ್ಯವನ್ನು ನೂರು ಎಂದು ಹಿಡಿದರೆ 77, 54, 36, 22, 13 ಶೇಕಡಾ. ಹಳೆಯ ರಿಜಿಸ್ಟರ್‌ನ ಶೇಕಡಾಗಳಿಗೂ ಇವಕ್ಕೂ ಒಂದೆರಡರ ಅಂತರ ಅಷ್ಟೆ. ಒಂದು ವಿಷಯ ಇಲ್ಲಿ ಖಚಿತವಾಯಿತು. ಹಳೆಯ ಪೆರಾಕ್ಸೈಡ್‌ನಲ್ಲಿ ಓ.ಡಿ. ಇಳಿದಾಗಲೂ ಶೇಕಡಾಗಳು ಹೆಚ್ಚು ಅಲುಗಾಡಿರಲಿಲ್ಲ. ಪ್ಲೇಟಿನಲ್ಲಿ ಎಲ್ಲ ಕಡೆ ಬಣ್ಣ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಲೆಕ್ಕ ಹೇಗೋ ನಿಲ್ಲುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಒಂದು ಥರ, ಸ್ಯಾಂಪಲ್‌ನಲ್ಲಿ ಒಂದು ಥರ ಕುಗ್ಗಿದರೆ ಅಲ್ಲಿಂದ ಸುಳ್ಳು ಶುರು.

ಅದನ್ನು ಹಿಡಿಯಲು ಒಂದೇ ಡಬ್ಬದ ಮೆಣಸಿನಪುಡಿಯ ಸಾರವನ್ನು ಎರಡನೇ ಸ್ಟ್ರಿಪ್‌ನ ಮೊದಲ ವೆಲ್‌ಗೂ ಆರನೇ ಸ್ಟ್ರಿಪ್‌ನ ಕೊನೆಯ ವೆಲ್‌ಗೂ ಹಾಕಿದೆವು. ಮೊದಲನೇ ಸ್ಟ್ರಿಪ್‌ನಲ್ಲಿ ಸ್ಟ್ಯಾಂಡರ್ಡ್‌ಗಳು. ಫಲಿತಾಂಶ: ಒಂದು ಕಡೆ ಓ.ಡಿ. 0.78, ಅಂದರೆ 6 ಪಿಪಿಬಿ. ಇನ್ನೊಂದು ಕಡೆ 0.54, ಅಂದರೆ 11 ಪಿಪಿಬಿ. ಒಟ್ಟು 10ರ ಮಿತಿಯ ಲೆಕ್ಕದಲ್ಲಿ, ಒಂದು ರಿಪೋರ್ಟಿನಲ್ಲಿ ಮಾಲು ಯುರೋಪಿಗೆ ಹೋಗುತ್ತದೆ, ಇನ್ನೊಂದರಲ್ಲಿ ಹೋಗುವುದಿಲ್ಲ. ಡಬ್ಬ ಅದೇ, ಸಾರ ಅದೇ.

ತಪ್ಪಿದ್ದು ಸಮಯ. ಟಿಎಂಬಿಯನ್ನು ಒಂಟಿ ಪಿಪೆಟ್‌ನಲ್ಲಿ ಒಂದೊಂದೇ ವೆಲ್‌ಗೆ ಹಾಕುತ್ತ ಹೋದರೆ 48 ವೆಲ್ ಮುಗಿಯಲು ಮೂರೂವರೆ ನಿಮಿಷ ಬೇಕು. ಆಮ್ಲವನ್ನು ಮಾತ್ರ ಎಂಟು ಮೂತಿಯ ಪಿಪೆಟ್‌ನಲ್ಲಿ ಒಂದೇ ಬೀಸಿನಲ್ಲಿ ಹಾಕಲಾಗಿತ್ತು. ಮೊದಲ ವೆಲ್‌ನಲ್ಲಿ ಬಣ್ಣ ಹತ್ತು ನಿಮಿಷ ಏರಿತು, ಕೊನೆಯದರಲ್ಲಿ ಆರೂವರೆ. ಮೂರನೇ ಒಂದು ಭಾಗ ಬಣ್ಣ ಹಾಗೇ ಹೋಯಿತು, ಹೋದ ಬಣ್ಣವೆಲ್ಲ ವಿಷದ ಲೆಕ್ಕಕ್ಕೆ ಸೇರಿತು. ಕಿಟ್‌ನ 5 ನಿಮಿಷದ ದ್ರಾವಣದಲ್ಲಿ ಇದೇ ರೀತಿ ಹಾಕಿದ್ದರೆ ಇನ್ನೂ ಕೆಟ್ಟದಾಗಿ ಹೋಗುತ್ತಿತ್ತು.

ಪರಿಹಾರ ಸರಳ. ಟಿಎಂಬಿ ಯಾವ ಪಿಪೆಟ್‌ನಲ್ಲಿ, ಯಾವ ಸಾಲಿನಿಂದ, ಯಾವ ವೇಗದಲ್ಲಿ ಹೋಯಿತೋ ಆಮ್ಲವೂ ಹಾಗೆಯೇ ಹೋಗಬೇಕು. ಎರಡಕ್ಕೂ ಮಲ್ಟಿಚಾನೆಲ್ ಸಿಕ್ಕರೆ ಉತ್ತಮ. ಸ್ಟ್ರಿಪ್ ಸ್ಟ್ರಿಪ್‌ಗೆ ಹತ್ತು ಸೆಕೆಂಡ್ ಅಂತರ ಇಟ್ಟು, ಗಡಿಯಾರ ನೋಡಿ ಒಬ್ಬರು ಹೇಳುವುದು, ಒಬ್ಬರು ಹಾಕುವುದು ಎಂದು ಮಾಡಿಕೊಂಡೆವು. ಅದೇ ಸಾರ ಅದೇ ಎರಡು ಜಾಗದಲ್ಲಿ ಆಗ ಕೊಟ್ಟಿದ್ದು 5.4 ಮತ್ತು 5.6. ಎರಡು ತುದಿಗೆ ಒಂದೇ ಸ್ಯಾಂಪಲ್ ಇಡುವುದನ್ನು ಪ್ರತಿ ಪ್ಲೇಟಿನಲ್ಲೂ ಖಾಯಂ ಮಾಡಿದ್ದೇವೆ. ಒಂದು ವೆಲ್ ಹೆಚ್ಚು ಖರ್ಚು, ಆದರೆ ಪ್ಲೇಟ್ ಸುಳ್ಳು ಹೇಳಿದರೆ ಅಲ್ಲೇ ಗೊತ್ತಾಗುತ್ತದೆ.

9. ಆಮ್ಲ

ಸಲ್ಫ್ಯೂರಿಕ್ 1 ಮೋಲಾರ್. ಸಾಂದ್ರ ಆಮ್ಲ ಸುಮಾರು 5.5 ಮಿಲೀಯನ್ನು ನೀರಿಗೆ ನಿಧಾನವಾಗಿ ಬಿಟ್ಟು 100 ಮಿಲೀ ಮಾಡುವುದು. ಆಮ್ಲವನ್ನು ನೀರಿಗೆ, ಎಂದೂ ನೀರನ್ನು ಆಮ್ಲಕ್ಕಲ್ಲ. ವೆಲ್‌ಗೆ 100 ಮೈಕ್ರೋಲೀಟರ್. ಕೆಲವು ವೆಲ್‌ಗಳು ಹಳದಿಯ ಬದಲು ಗಿಣಿಹಸಿರಾದವು. ಅದು ಬೇರೆ ಬಣ್ಣವಲ್ಲ, ತಳದಲ್ಲಿ ನೀಲಿ ಉಳಿದು ಮೇಲೆ ಹಳದಿಯಾದದ್ದು. ಪ್ಲೇಟನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿ ಕಲೆಸಿದರೆ ಹಳದಿಗೆ ಬರುತ್ತದೆ. ಕಾಲು ಗಂಟೆಯೊಳಗೆ ಓದಿ ಮುಗಿಸಬೇಕು.

10. ಕೆಂಪು ಉಳಿದ ವೆಲ್

ಜೋಡಿ ವೆಲ್‌ಗಳಲ್ಲಿ ಒಂದು 0.74, ಇನ್ನೊಂದು 0.29 ಬಂದ ಸ್ಯಾಂಪಲ್ ಒಂದಿತ್ತು. ನಮ್ಮ ಸಹಾಯಕಿ ಸ್ಟ್ರಿಪ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಸರ, ಇದರ ಅಂಚಿಗೆ ಕೆಂಪಗ ಐತ್ರಿ ನೋಡ್ರಿ" ಎಂದಳು. ವೆಲ್‌ನ ಗೋಡೆಗೆ ಮೆಣಸಿನಕಾಯಿ ಸಾರದ ತೆಳು ಕೆಂಪು ಉಂಗುರ ಇತ್ತು. ವಾಶರ್‌ನ ಎಂಟು ಸೂಜಿಗಳಲ್ಲಿ ಒಂದು ಕಟ್ಟಿಕೊಂಡಿತ್ತು. ಮೆಣಸಿನಕಾಯಿಯಲ್ಲಿ ಆಸ್ಕಾರ್ಬಿಕ್ ಆಮ್ಲವಿದೆ, ಫೀನಾಲ್‌ಗಳಿವೆ. ಅವು ವೆಲ್‌ನಲ್ಲಿ ಉಳಿದರೆ ನೀಲಿಯಾದ ಟಿಎಂಬಿಯನ್ನು ಮತ್ತೆ ಬಣ್ಣವಿಲ್ಲದ ಸ್ಥಿತಿಗೆ ತಳ್ಳುತ್ತವೆ. ಇದೂ ವಿಷದಂತೆಯೇ ಕಾಣುತ್ತದೆ. ಸೂಜಿಯನ್ನು ಸಣ್ಣ ತಂತಿಯಿಂದ ಬಿಡಿಸಿ, ಐದು ಸಲ ತೊಳೆದು, ಪ್ರತಿ ಸಲ ಟಿಶ್ಯೂ ಮೇಲೆ ಬೋರಲು ಬಡಿದು, ಮತ್ತೆ ಮಾಡಿದಾಗ ಜೋಡಿ 0.73 ಮತ್ತು 0.75 ಬಂತು.

11. ಗೊತ್ತಿರುವಷ್ಟು ವಿಷ ಹಾಕಿ ನೋಡಿದ್ದು

ಅಫ್ಲಾಟಾಕ್ಸಿನ್ ಕಾಣದ ಮೆಣಸಿನಪುಡಿಗೆ 10 ಪಿಪಿಬಿಯಷ್ಟು ಸ್ಟ್ಯಾಂಡರ್ಡ್ ಸೇರಿಸಿ, ಎಂದಿನಂತೆ ಮೆಥನಾಲ್-ನೀರಿನಲ್ಲಿ ಸಾರ ತೆಗೆದು, ತೆಳುಮಾಡಿ ಓದಿದೆವು. 9.1 ಬಂತು. ಶೇಕಡಾ 91 ನಮ್ಮ ಕೈಗೆ ಸಿಕ್ಕಿದೆ. ಮೆಣಸಿನಕಾಯಿಯಂಥ ಬಣ್ಣದ, ಎಣ್ಣೆಯಂಶದ ಸಾಮಾನಿಗೆ ಇದು ಸಮಾಧಾನದ ಅಂಕಿ.

12. ತ್ಯಾಜ್ಯದ ಬಗ್ಗೆ ಎಚ್ಚರಿಕೆ

ಅಫ್ಲಾಟಾಕ್ಸಿನ್ ಮುಟ್ಟಿದ ಟಿಪ್, ಟ್ಯೂಬ್‌ಗಳನ್ನು ಬ್ಲೀಚ್ ನೀರಿನಲ್ಲಿ ನೆನೆಹಾಕುತ್ತೇವೆ, ಹೈಪೋಕ್ಲೋರೈಟ್ ಆ ವಿಷವನ್ನು ಒಡೆಯುತ್ತದೆ. ಆಮ್ಲ ಹಾಕಿ ನಿಲ್ಲಿಸಿದ ಪ್ಲೇಟನ್ನು ಆ ಬಕೆಟ್ಟಿಗೆ ಹಾಕಲೇಬಾರದು. ಆಮ್ಲವೂ ಬ್ಲೀಚೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪ್ಲೇಟಿನ ಆಮ್ಲವನ್ನು ಬೇರೆ ಪಾತ್ರೆಯಲ್ಲಿ ಸೋಡಾದಿಂದ ತಟಸ್ಥ ಮಾಡಿ, ಆಮೇಲೆ ಮುಂದಿನ ಕೆಲಸ. ಬಕೆಟ್ ಮೊದಲು ಟಿಎಂಬಿ ಮೇಜಿನ ಕೆಳಗೇ ಇತ್ತು. ಅದರ ಒಂದು ತುಂತುರು ಸಾಕು ದ್ರಾವಣ ನೀಲಿಯಾಗಲು. ಈಗ ಬಾಗಿಲಾಚೆ ಇದೆ.

13. ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು

ಬ್ಯಾಡಗಿಯ ದಲಾಲಿ ಅಂಗಡಿಯವರೊಬ್ಬರು ದಿನವೂ ಫೋನ್ ಮಾಡುತ್ತಿದ್ದರು. "ಸರ, ಮಾಲು ಲಾರಿಯೊಳಗ ಕುಂತೈತ್ರಿ, ಒಂದ್ ರಿಪೋರ್ಟ್ ಬರದು ಕೊಟ್ಟುಬಿಡ್ರಿ." ಅವರ ಅವಸರ ನ್ಯಾಯವಾದದ್ದು. ಆದರೂ ಸಹಿ ಹಾಕಿದ ರಿಪೋರ್ಟ್ ಕೊಡಲಿಲ್ಲ. ಕಿಟ್‌ನ ಮಾನ್ಯತೆ ಅದರ ಎಲ್ಲ ಬಾಟಲಿಗಳಿಗೂ ಸೇರಿ ಇರುವಂಥದ್ದು. ಒಂದನ್ನು ನಾವು ಬದಲಿಸಿದ ಮೇಲೆ ಅದು ನಮ್ಮ ಸ್ವಂತ ವಿಧಾನವಾಯಿತು, ರಫ್ತಿನ ಕಾಗದಕ್ಕೆ ನಡೆಯುವುದಿಲ್ಲ. ಅವರಿಗೆ ಹೇಳಿದ್ದು ಇಷ್ಟು: ನಿಮ್ಮ ನಾಲ್ಕು ಲಾಟ್‌ಗಳಲ್ಲಿ ಮೂರು ಮಿತಿಯಿಂದ ಬಹಳ ಕೆಳಗಿವೆ, ಒಂದು ಗಡಿಯ ಹತ್ತಿರ ಇದೆ. ಆ ಒಂದನ್ನು ಬೇರೆ ಇಡಿ, ಪುನಃ ಚೀಲದ ಮೇಲೆ, ನಡುವೆ, ತಳದಲ್ಲಿ ಸ್ಯಾಂಪಲ್ ತೆಗೆದು ಕಳಿಸಿ. ಉಳಿದವನ್ನು ಹೊಸ ಕಿಟ್ ಬಂದ ದಿನ ಓದಿ ಕಾಗದ ಕೊಡುತ್ತೇವೆ. ಲಾಟ್ ಬೇರ್ಪಡಿಸಲು ನಮ್ಮ ದ್ರಾವಣ ಸಾಕು. ಗಡಿಯ ಲಾಟ್‌ಗೆ ಎಚ್‌ಪಿಎಲ್‌ಸಿಯೇ (ವಿಷವನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಬೇಕು.

ಹೊಸ ಕಿಟ್ ಬಂದ ಮೇಲೆ ಅದೇ ನಾಲ್ಕು ಸಾರಗಳನ್ನು ಎರಡೂ ದ್ರಾವಣಗಳಲ್ಲಿ ಪಕ್ಕಪಕ್ಕದಲ್ಲಿ ಓದಿದೆವು. ಮೂರರಲ್ಲಿ ವ್ಯತ್ಯಾಸ ಅರ್ಧ ಪಿಪಿಬಿಯೊಳಗೆ. ಗಡಿಯದು ನಮ್ಮ ದ್ರಾವಣದಲ್ಲಿ 9.3, ಕಿಟ್‌ನದರಲ್ಲಿ 8.6.

ಇನ್ನೂ ಬಾಕಿ ಇರುವ ಕೆಲಸ: ಫ್ರೀಜರ್‌ನಲ್ಲಿರುವ ಟಿಎಂಬಿ ಟ್ಯೂಬ್‌ಗಳು ಎಷ್ಟು ಕಾಲ ತಾಳುತ್ತವೆ ಎಂದು ತಿಂಗಳಿಗೊಂದು ತೆಗೆದು ಶೂನ್ಯ ಸ್ಟ್ಯಾಂಡರ್ಡ್ ಮೇಲೆ ನೋಡಬೇಕು. ಹಾಗೆಯೇ ದ್ರವ ಪೆರಾಕ್ಸೈಡ್ ಬದಲು ಯೂರಿಯಾ ಪೆರಾಕ್ಸೈಡ್ ತರಿಸಿ ನೋಡಬೇಕು. ಗಟ್ಟಿ ರೂಪದ್ದು, ತೂಕ ಮಾಡಿ ಹಾಕಬಹುದು, 2 ಮೈಕ್ರೋಲೀಟರ್ ಅಳೆಯುವ ಕಷ್ಟ ತಪ್ಪುತ್ತದೆ. ಅದರ ಓದುಗಳು ಬಂದ ಮೇಲೆ ಇದೇ ದಾಖಲೆಗೆ 14ನೇ ಹಂತವಾಗಿ ಸೇರಿಸುತ್ತೇನೆ.